ಚಿತ್ರದ ಮುಂದ ಹೂವು ಜೋಡಿಸೋದು ಹೆಂಗ? ಸೂರ್ಯಕಾಂತಿ, ಚಂದ್ರಕಾಳಿ ಸೀರಿ, ಲಕ್ಕುಂಡಿ ಬಾಗಿಲು

ಕೆಲಗೇರಿ_ಕಮಲ
ಎಲ್ಲಾರಿಗೂ ನಮಸ್ಕಾರ್ರಿ. ಮಾರ್ಚ್ ಕೊನೀ ವಾರ ಧಾರವಾಡದ ಒಂದು ಕಾಲೇಜಿನ ಚಿತ್ರಶಾಲ್ಯಾಗ ಮೂರು ದಿನದ ಪ್ರದರ್ಶನ ಅದ. ಒಂದೊಂದು ಕಲಾಕೃತಿ ನೋಡಿ, ಅದರ ಮುಂದ ಒಂದೊಂದು ಹೂವಿನ ಜೋಡಣಿ ಮಾಡಿ ಇಡಬೇಕು. ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಾಗ 1976ರಿಂದ ನಡದಿರೋ 'ಆರ್ಟ್ ಇನ್ ಬ್ಲೂಮ್' ಇದಕ್ಕ ಮಾದರಿ.

ನಮ್ಮ ತಂಡಕ್ಕ ಮೂರು ಬಂದಾವ: ವ್ಯಾನ್ ಗೋನ 'ಸೂರ್ಯಕಾಂತಿ' ಚಿತ್ರದ ದೊಡ್ಡ ಪ್ರಿಂಟು (ಲಂಡನ್ ನ್ಯಾಷನಲ್ ಗ್ಯಾಲರಿದು, 1888), ಚೌಕಟ್ಟು ಹಾಕಿದ ಹಳೀ ಚಂದ್ರಕಾಳಿ ರೇಷ್ಮಿ ಸೀರಿ, ಮೈತುಂಬ ಕಸೂತಿ ಇದ್ದದ್ದು, ಮತ್ತ ಲಕ್ಕುಂಡಿ ಕಾಶಿ ವಿಶ್ವೇಶ್ವರ ಗುಡಿ ಬಾಗಿಲದ ಫೋಟೋ. ಪೀಠ ಎರಡೂವರಿ ಫೂಟು ಎತ್ತರ. ಹೂವು ಮೂರು ದಿನ ತಡೀಬೇಕು, ಎ.ಸಿ. ಇಲ್ಲ. ಯಾವ ಹೂವು ತರಬೇಕು, ಏನು ಮ್ಯಾಲ ನಿಲ್ಲಿಸಬೇಕು, ಬಣ್ಣ ಹೆಂಗ ಹೊಂದಿಸಬೇಕು, ಬಲ್ಲವ್ರು ಹೇಳ್ರಿ.

ಉಣಕಲ್_ಹೂಬುಟ್ಟಿ
ಅಕ್ಕಾರ, ಮೊದಲ ಒಂದು ಮಾತು ತಿಳಕೋರ್ರಿ. ಹುಬ್ಬಳ್ಳಿ ಮಾರ್ಕೆಟ್ಟಿನ್ಯಾಗ ಸ್ಯಾವಂತಿಗಿ, ಚೆಂಡು ಹೂ ಕಿಲೋ ಲೆಕ್ಕದಾಗ, ಇಲ್ಲಾಂದ್ರ ಮಾರು ಲೆಕ್ಕದಾಗ ಸಿಗತಾವ. ದೇಟೇ ಇರಂಗಿಲ್ಲ. ದೇಟಿಲ್ಲದ ಹೂವು ನೀರು ಕುಡಿಯಂಗಿಲ್ಲ. ಕಸಬರಗಿ ಕಡ್ಡಿಗೆ ಚುಚ್ಚಿ ನಿಲ್ಲಿಸಿದ್ರ ಒಂದು ದಿನ ಚೊಲೋ ಕಾಣತಾವ, ಎರಡನೇ ದಿನ ಅಂಚು ಕಂದತಾವ, ಮೂರನೇ ದಿನ ತೆಗಿಯೋದ. ಅದಕ್ಕ ದೇಟಿನ ಹೂವು, ಅಂದ್ರ ಗ್ಲಾಡಿಯೋಲಸ್, ಜರ್ಬೆರಾ, ಕಾರ್ನೇಷನ್, ಉದ್ದನ್ನ ಸುಗಂಧರಾಜ, ಬೊಕೆ ಮಾಡೋ ಅಂಗಡಿಯವ್ರಿಗೆ ನಾಲ್ಕು ದಿನ ಮೊದಲ ಹೇಳಿಟ್ಟು ತರಿಸಬೇಕು. ಮಾರ್ಚ್ ಕೊನೀಗೆ ಮದುವಿ ಮುಹೂರ್ತ ಬಂದ್ರ ಆ ದಿನ ಕೈಗೆ ಏನೂ ಸಿಗಂಗಿಲ್ಲ.

ಬಣ್ಣದ ಲೆಕ್ಕ ಸರಳ ಐತಿ. ಸೂರ್ಯಕಾಂತಿ ಚಿತ್ರಕ್ಕ ಹಳದಿ, ಸೀರಿಗೆ ಕೆಂಪು ನೇರಳಿ, ಗುಡಿಗೆ ಬಿಳಿ.

ಕುಂಚಕೋಲು
ಬಣ್ಣದ ಲೆಕ್ಕ ಅಷ್ಟು ಸರಳ ಇಲ್ರಿ ಅಣ್ಣಾರ. ಚಿತ್ರದಾಗ ಹಳದಿ ಅದ ಅಂತ ಹಳದಿ ಹೂವು ಇಟ್ಟ್ರ ಅದು ಬರೇ ನಕಲು. ನಕಲು ಅಸಲಿನ ಪಕ್ಕ ನಿಂತಾಗ ಯಾವಾಗಲೂ ಸೋಲತದ. ಚಿತ್ರದಿಂದ ತಗೋಬೇಕಾದದ್ದು ಮೂರು: ಗೆರಿ ಎತ್ತ ಓಡತದ, ಭಾರ ಎಲ್ಲಿ ಕುಂತದ, ಯಾವ ಬಣ್ಣ ಎಷ್ಟು ಪಾಲು ಅದ.

ಆ ಸೂರ್ಯಕಾಂತಿ ಚಿತ್ರನ ನೋಡ್ರಿ. ಹೂವು ಹಳದಿ, ಹೂದಾನಿ ಹಳದಿ, ಹಿಂದಿನ ಗೋಡಿನೂ ಹಳದಿ. ಹಳದಿ ಮ್ಯಾಲ ಹಳದಿ ಇಟ್ಟೂ ಒಂದೊಂದು ಹೂವು ಬ್ಯಾರೆ ಬ್ಯಾರೆ ಕಾಣಹಂಗ ಮಾಡಿದ್ದು ಅಲ್ಲಿನ ಕಸಬು. ಎಲ್ಲಾ ಹೂವು ಒಂದ ವಯಸ್ಸಿನವೂ ಅಲ್ಲ. ಕೆಲವು ಪೂರ್ತಿ ಅರಳ್ಯಾವ, ಕೆಲವುಕ್ಕ ಎಸಳು ಉದುರಿ ಬೀಜದ ಗಡ್ಡಿ ಆಗ್ಯಾವ, ಕೆಲವು ಕುತಿಗಿ ಬಗ್ಗಿಸ್ಯಾವ. ಅಂಗಡಿಯಿಂದ ಒಂದ ಅಳತಿ, ಒಂದ ಮುಖದ ಹದಿನೈದು ಸೂರ್ಯಕಾಂತಿ ತಂದು ನಿಲ್ಲಿಸಿದ್ರ ಹೂವಿನ ಹೆಸರು ಬಂತು, ಚಿತ್ರ ಬರಲಿಲ್ಲ.

ನರಗುಂದ_ಎರಿಹೊಲ
ಕುಂಚಕೋಲು ಸರ್ ಹೇಳಿದ್ದು ಖರೇ. ಸೂರ್ಯಕಾಂತಿ ತರಾಕ ಬೆಂಗಳೂರತನಕ ಹೋಗಬ್ಯಾಡ್ರಿ, ಗದಗ, ನರಗುಂದ ಕಡೆ ಎಣ್ಣಿಗೆ ಬೆಳಿಯೋ ಸೂರ್ಯಕಾಂತಿ ಐತಿ. ಬೇಸಗಿ ಬೆಳಿ ಮಾರ್ಚಿನ್ಯಾಗ ಹೂವಾಡತೈತಿ. ಆದ್ರ ಹೊಲದ ಹೂವಿನ ಗುಣ ಗೊತ್ತಿರಬೇಕು.

ಒಂದು, ಅದಕ್ಕ ಪರಾಗ ಭಾಳ. ಪೀಠದ ಮ್ಯಾಲ ಹಳದಿ ಪುಡಿ ಉದುರತೈತಿ. ಎರಡು, ತಲಿ ಭಾರ. ಒಂದು ಗೇಣು ಅಗಲದ ತೆನಿ ಅಂದ್ರ ಕುತಿಗಿ ತಾನಾಗೇ ಬಗ್ಗತೈತಿ.

ಮುಂದಿನ ಸಾಲಿಗೆ ಅಂಗಡಿಯಾಗ ಸಿಗೋ ಪರಾಗ ಇಲ್ಲದ ತಳಿ ಐದಾರು ಹಾಕ್ರಿ. ಎಸಳು ಉದುರಿ ಕಾಳು ಕಟ್ಟಿದ ಹೊಲದ ತೆನಿ ನಾಲ್ಕು ತಗೋರಿ. ಆ ಹಂತಕ್ಕ ಪರಾಗ ಮುಗಿದಿರತೈತಿ, ಕುತಿಗಿನೂ ಬಗ್ಗಿರತೈತಿ, ಚಿತ್ರದಾಗಿನ ಬಾಗಿದ ಹೂವು ಅದ. ಒಣಗಿದ ನಡುವಿನ ಹೂವಿನ ಸಿಪ್ಪಿನ ಹಳೀ ಹಲ್ಲುಜ್ಜೋ ಬ್ರಶ್‌ಲೆ ಹೊರಗ ಕುಂತು ಉದುರಿಸಿ ತರ್ರಿ. ಕೊಯ್ಯೋದು ಮುಂಜಾನೆ ಏಳರೊಳಗ. ಮ್ಯಾಲಿನ ಎರಡು ಎಲಿ ಬಿಟ್ಟು ಉಳಿದದ್ದೆಲ್ಲಾ ತಗೀರಿ, ಎಲಿ ಇದ್ದಷ್ಟೂ ನೀರು ಹಾರಿಹೋಗಿ ತಲಿ ಜೋತು ಬೀಳತೈತಿ. ಇದು ನೀರು ಕುಡಿಯೋದರಾಗ ಎತ್ತಿದ್ದಂಗ, ದಿನಕ್ಕ ಎರಡು ಸಲ ಹೂದಾನಿ ನೋಡಬೇಕು.

ಸಪ್ತಾಪುರ_ಓಣಿ
ಒಂದು ಸೇರಸ್ತೀನಿ. ಲಂಡನ್ ಚಿತ್ರದಾಗ ಮೇಜಿನ ಅಂಚಿಗೆ ತೆಳ್ಳಗ ಒಂದು ನೀಲಿ ಗೆರಿ ಅದ. ಅಷ್ಟು ಹಳದಿಗೆ ಅದೊಂದ ಎಳಿ ಸಾಕಾಗೇದ. ಹೂವಿನ ಜೋಡಣ್ಯಾಗೂ ನೀಲಿ ಹೂವು ತುಂಬಬ್ಯಾಡ್ರಿ. ಹೂದಾನಿ ತಳಕ್ಕ ನೀಲಿ ನೂಲು ಒಂದು ಸುತ್ತು ಕಟ್ಟಿದ್ರ ಕೆಲಸ ಆತು.

ಹಾವೇರಿ_ಏಲಕ್ಕಿ
ಆ ಚಿತ್ರದ ಹಳದಿ ಈಗ ಕಾಣೋದಕ್ಕಿಂತ ಮೊದಲು ಹೆಚ್ಚು ಹೊಳೆಯುತ್ತಿತ್ತಂತೆ ಅಲ್ವಾ?

ಕುಂಚಕೋಲು
ಹೌದ್ರಿ. ಅಂವಾ ಬಳಸಿದ್ದು ಕ್ರೋಮ್ ಹಳದಿ, ಸೀಸದ ಕ್ರೋಮೇಟು. ಬೆಳಕು ಬಿದ್ದಂಗ ಕಂದುಗಟ್ಟತದ. ಹಂಗಂತ ನಿಮ್ಮ ಹೂವಿನ್ಯಾಗ ಜರ್ಬೆರಾದ ನಿಂಬಿ ಹಳದಿ ಒಂದ ಹಿಡದು ಕೂಡಬ್ಯಾಡ್ರಿ. ನಿಂಬಿ ಹಳದಿ, ಬೆಲ್ಲದ ಬಣ್ಣ, ಅರಿಷಿಣ, ಜೋಳದ ರೊಟ್ಟಿ ಬಣ್ಣ, ನಾಲ್ಕೂ ಬೇಕು.

ಗವಂತಿ_ಎಳಿ
ಸೀರಿ ಬಗ್ಗೆ ಯಾರೂ ಮಾತಾಡವಲ್ರಿ, ನಾ ಹೇಳ್ತೀನಿ. "ಕೆಂಪು ನೇರಳಿ" ಅಂದ್ರಲ್ಲ ಹೂಬುಟ್ಟಿ ಅಣ್ಣಾರು, ಅದು ಆಗಂಗಿಲ್ಲ. ಚಂದ್ರಕಾಳಿ ಅಂದ್ರ ಕರಿ ಸೀರಿ. ಕಸೂತಿ ಕಾಣೋದ ಆ ಕರಿ ನೆಲದ ಮ್ಯಾಲ. ಕರಿ ಹೂವು ಸಿಗಂಗಿಲ್ಲ, ಹುಡುಕಬ್ಯಾಡ್ರಿ. ಕರಿ ಬಣ್ಣ ಪಾತ್ರಿಯಿಂದ ತರ್ರಿ: ಕುಂಬಾರರ ಕರಿ ಗಡಿಗಿ, ಅಗಲ ಬಾಯಿದು.

ಇನ್ನ ಹೊಲಿಗಿ. ಕಸೂತಿಗೆ ನಾಲ್ಕು ಹೊಲಿಗಿ, ನಾಲ್ಕಕ್ಕೂ ಹೂವಿನ್ಯಾಗ ಒಂದೊಂದು ದಾರಿ ಅದ. ಗವಂತಿ ಅಂದ್ರ ಎಳಿ ಹೋದ ದಾರಿಲೇ ತಿರುಗಿ ಬಂದು ಗೆರಿ ತುಂಬತದ, ಮುಂದ ಹಿಂದ ಎರಡೂ ಕಡೆ ಒಂದ ನಮೂನಿ, ಗಂಟು ಇಲ್ಲ. ಅಂದ್ರ ನಿಮ್ಮ ಜೋಡಣಿಗೆ ಬೆನ್ನು ಇರಬಾರದು. ಪೀಠದ ಸುತ್ತ ತಿರುಗಿದ್ರ ಎಲ್ಲಾ ಕಡೆಯಿಂದನೂ ಮುಖನೇ ಕಾಣಬೇಕು, ಒಳಗಿನ ತಂತಿ, ಟೇಪು ಒಂದೂ ಕಾಣಬಾರದು. ಮುರ್ಗಿ ಮೆಟ್ಟಲ ಮೆಟ್ಟಲ ಏರತದ. ಸುಗಂಧರಾಜದ ದೇಟು 4 ಸೆಂ.ಮೀ. ಅಂತರದಾಗ ಒಂದಕ್ಕಿಂತ ಒಂದು ಗಿಡ್ಡ ಕತ್ತರಿಸಿ ನಿಲ್ಲಿಸಿದ್ರ ಮುರ್ಗಿ ಆತು. ನೇಗಿ ನೇಯ್ದಂಗ ಕಾಣತದ, ಅದಕ್ಕ ತೆಂಗಿನ ಗರಿ ಸೀಳಿ ಚಾಪಿ ಹೆಣದಂಗ ಹೆಣೀರಿ. ಮೆಂತೆ ಒತ್ತೊತ್ತಾಗಿ ತುಂಬೋ ಹೊಲಿಗಿ, ಗಡಿಗಿ ಬಾಯಿ ತುಂಬ ಬಿಳಿ ಸಣ್ಣ ಸ್ಯಾವಂತಿಗಿ ಸಂದು ಇಲ್ಲದಂಗ ಹಾಕ್ರಿ.

ನಾಲ್ಕೂ ಒಂದರಾಗ ತುರುಕಬ್ಯಾಡ್ರಿ ಮತ್ತ. ಎರಡು ಆರಿಸಿಕೊಳ್ರಿ. ಗವಂತಿ, ಮುರ್ಗಿ ಆದ್ರ ಭಾಳ ಚಂದ.

ಉಣಕಲ್_ಹೂಬುಟ್ಟಿ
ಅಕ್ಕಾರ ಹೇಳಿದ್ದು ಒಪ್ಪಿದ್ನಿ. ನೇರಳಿ ವಾಪಸ್ ತಗೊಂಡ್ನಿ.

ಸಂಗ್ರಹ_ಕೋಣೆ
ನೇರಳೆ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ರೇಷ್ಮೆಗೆ ಬೆಳಕು 50 ಲಕ್ಸ್ ಮೀರಬಾರದು ಎಂಬುದು ವಸ್ತುಸಂಗ್ರಹಾಲಯಗಳ ರೂಢಿ. ತೈಲವರ್ಣಕ್ಕೆ 200ರವರೆಗೆ ಬಿಡುತ್ತಾರೆ. 50 ಲಕ್ಸ್ ಎಂದರೆ ಮಬ್ಬು ಬೆಳಕು, ಅದರಲ್ಲಿ ನೇರಳೆ, ನೀಲಿ, ಕಡುಗೆಂಪು ಎಲ್ಲವೂ ಮಂಕಾಗಿ ಕಾಣುತ್ತವೆ. ಬಿಳಿ, ಕೆನೆ, ತಿಳಿ ಹಳದಿ ಮಾತ್ರ ಎದ್ದು ನಿಲ್ಲುತ್ತವೆ. ಹೂವನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಆರಿಸಬೇಡಿ, ಒಂದೊಂದು ಹೂವು ತಂದು ಆ ಕೋಣೆಯ ದೀಪದ ಕೆಳಗೆ ಹಿಡಿದು ನೋಡಿ.

ಆದರೆ ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ, ದಯವಿಟ್ಟು ಗಮನವಿಟ್ಟು ಓದಿ. ಕಾರ್ಪೆಟ್ ಬೀಟಲ್ ಎಂಬ ಸಣ್ಣ ದುಂಡನೆಯ ಹುಳು ಇದೆ, ಎರಡು ಮೂರು ಮಿಲಿಮೀಟರ್. ದೊಡ್ಡದಾದ ಮೇಲೆ ಅದರ ಆಹಾರ ಹೂವಿನ ಪರಾಗ ಮತ್ತು ಮಕರಂದ. ಅದರ ಮರಿಗಳ ಆಹಾರ ಉಣ್ಣೆ ಮತ್ತು ರೇಷ್ಮೆ. ಹೂವಿನ ಜೊತೆ ಒಳಗೆ ಬಂದು, ರೇಷ್ಮೆಯ ಮಡಿಕೆಯಲ್ಲಿ ಮೊಟ್ಟೆಯಿಟ್ಟರೆ ತಿಂಗಳುಗಳ ನಂತರ ತೂತು ಕಂಡಾಗಲೇ ಗೊತ್ತಾಗುವುದು. ಆ ಸೀರೆಯ ಚೌಕಟ್ಟಿಗೆ ಮುಂದೆ ಗಾಜು, ಹಿಂದೆ ಪೂರ್ತಿ ಮುಚ್ಚಿದ ಹಲಗೆ ಇದೆಯೇ ಎಂದು ಮೊದಲು ಕೇಳಿ. ಇಲ್ಲದಿದ್ದರೆ ಅದರ ಎದುರು ಹಸಿ ಹೂವು ಇಡಲೇಬೇಡಿ.

ಗಾಜು ಇದ್ದರೂ ಮಾಡಬೇಕಾದದ್ದು: ಪ್ರತಿ ಗೊಂಚಲನ್ನು ಹೊರಗಡೆ ಬಿಳಿ ಬಟ್ಟೆಯ ಮೇಲೆ ತಲೆಕೆಳಗಾಗಿ ಹಿಡಿದು ಕೊಡವಿ, ಬಿದ್ದದ್ದನ್ನು ನೋಡಿ. ಕಲಾಕೃತಿಯಿಂದ ಕನಿಷ್ಠ ಒಂದು ಮೀಟರ್ ದೂರ. ಚೌಕಟ್ಟಿಗೆ ಏನನ್ನೂ ಆನಿಸಬೇಡಿ. ಒಳಗೆ ನೀರು ಚಿಮುಕಿಸಬೇಡಿ. ಮಣ್ಣು, ಹಸಿ ಪಾಚಿ, ತೊಗಟೆ ಬಿಡುವ ಕಟ್ಟಿಗೆ ಬೇಡ. ಲಿಲ್ಲಿ ಹೂವು ತಂದರೆ ಮೊಗ್ಗು ಬಿರಿಯುವಾಗಲೇ, ಪರಾಗ ಪುಡಿಯಾಗುವ ಮೊದಲೇ ಕೇಸರ ಕಿತ್ತುಬಿಡಿ. ಬಟ್ಟೆಗೆ ಬಿದ್ದರೆ ನೀರು ಹಚ್ಚಿ ಉಜ್ಜಬಾರದು, ಸೆಲ್ಲೋಟೇಪಿನಿಂದ ಒತ್ತಿ ಎತ್ತಬೇಕು.

ಕೆಲಗೇರಿ_ಕಮಲ
ಇದು ಗೊತ್ತ ಇರಲಿಲ್ರಿ ಸರ. ಗಾಜು ಅದ, ಹಿಂದಿನ ಹಲಗಿ ಕೇಳಿ ಹೇಳ್ತೀನಿ.

ಲಕ್ಕುಂಡಿ_ಬಾವಿ
ಬಾಗಿಲದ ಸರದಿ ಬರ್ಲಿ. ಕಾಶಿ ವಿಶ್ವೇಶ್ವರ ಗುಡ್ಯಾಗ ಎರಡು ಗರ್ಭಗುಡಿ ಎದರಾ ಬದರಾ ಅದಾವು, ದೊಡ್ಡದು ಶಿವಂದು, ಸಣ್ಣದು ಸೂರ್ಯಂದು. ನಿಮ್ಮ ಫೋಟೋ ಯಾವ ಬಾಗಿಲದ್ದು ನೋಡಕೋರಿ. ಕಲ್ಲು ಬಳಪದ ಕಲ್ಲು, ಅದಕ್ಕ ಅಷ್ಟು ನಯ ಕೆತ್ತನಿ ಸಾಧ್ಯ ಆತು. ಬಾಗಿಲವಾಡದಾಗ ಪಟ್ಟಿ ಪಕ್ಕ ಪಟ್ಟಿ ಐತಿ, ಒಂದು ಬಳ್ಳಿ, ಒಂದು ಸಣ್ಣ ಮೂರ್ತಿ, ಒಂದು ಕಂಬ. ಅಲ್ಲಿ ಬಣ್ಣ ಇಲ್ಲ. ಕೆತ್ತನಿ ಕಾಣೋದು ನೆರಳಿನಿಂದ.

ಹಂಗಾಗಿ ಬಿಳಿ ಹೂವು ತುಂಬಿದ್ರ ಸಪಾಟ ಆಗತೈತಿ. ಒಂದ ಬಣ್ಣದಾಗ ಬ್ಯಾರೆ ಬ್ಯಾರೆ ಮೈ ಬೇಕು. ಅಡಕಿ ಹಿಂಗಾರ, ಅರಳದ ಸುಗಂಧರಾಜದ ಮೊಗ್ಗು, ತುಳಸಿ ಕದರು, ಬಿಳಿಜೋಳದ ತೆನಿ. ಒಂದೊಂದು ಒಂದೊಂದು ಪಟ್ಟಿ. ಪಟ್ಟಿ ಪಟ್ಟಿ ನಡುವ ಎರಡು ಬಟ್ಟು ಖಾಲಿ ಬಿಡ್ರಿ. ಆ ಖಾಲಿನೇ ನೆರಳು.

ಶಿಗ್ಗಾವಿ_ಗಾಳಿ
ಬಾಗಿಲಕಿಂತ ಡಂಬಳದ ದೊಡ್ಡಬಸಪ್ಪನ ಗುಡಿ ತಗೊಂಡಿದ್ರ ಹೂವಿಗೆ ಛಲೋ ಹೊಂದತಿತ್ತು. ಅದರ ತಳ 36 ಮೂಲಿ ನಕ್ಷತ್ರದಂಗ ಐತಿ.

ಲಕ್ಕುಂಡಿ_ಬಾವಿ
36 ಅಲ್ಲೋ ತಮ್ಮ, 24. ಒಂದು ಚೌಕ ತಗೊಂಡು 15 ಡಿಗ್ರಿಗೊಮ್ಮೆ ತಿರುಗಿಸಿದ್ರ ಆರು ಚೌಕಕ್ಕ 24 ಮೂಲಿ ಬರ್ತಾವ. ಹೂವಿಗೆ ಹೊಂದೋದು ಖರೇ. ಗುಂಡಾನ ತಟ್ಟಿಗೆ ಕೋನಮಾಪಕ ಇಟ್ಟು 15 ಡಿಗ್ರಿಗೊಂದು ಗುರ್ತು ಹಾಕಿ, ಗುರ್ತಿಗೊಂದು ದೇಟು. ಆದ್ರ ಅವ್ರಿಗೆ ಕೊಟ್ಟಿದ್ದು ಬಾಗಿಲ, ಅದನ್ನ ಬಿಟ್ಟು ಹೊಂಟ್ರ ಹೆಂಗ?

ಸಂಗ್ರಹ_ಕೋಣೆ
ಜೋಳದ ತೆನೆ ಎಂದಿರಿ. ಕಾಳಿನಲ್ಲಿ ನುಸಿ, ಸೊಂಡಿಲ ಹುಳು ಇದ್ದೇ ಇರುತ್ತವೆ. ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ತಣ್ಣನೆಯ ತೆನೆಯ ಮೇಲೆ ನೀರು ಕೂತು ಬೂಸಲು ಬರುತ್ತದೆ. ಅಂದರೆ ಇವತ್ತೇ ಶುರು ಮಾಡಬೇಕು.

ಹಾವೇರಿ_ಏಲಕ್ಕಿ
ಒಣಗಿದ್ದು ಬೇಕೆಂದರೆ ನಮ್ಮ ಹಾವೇರಿಯ ಏಲಕ್ಕಿ ಹಾರ ಇದೆಯಲ್ಲ, ನೀರೂ ಬೇಡ, ಪರಾಗವೂ ಇಲ್ಲ. ಲಕ್ಕುಂಡಿ ಬಾಗಿಲಿನ ಒಂದು ಪಟ್ಟಿಗೆ ತಿಳಿ ಹಸಿರಿನ ಏಲಕ್ಕಿ ಸಾಲು ಎಷ್ಟು ಚೆನ್ನಾಗಿ ಕಾಣುತ್ತದೆ! ಕೆಂಪು ಬೇಕಿದ್ದರೆ ಬ್ಯಾಡಗಿ ಮೆಣಸಿನಕಾಯಿ.

ನರಗುಂದ_ಎರಿಹೊಲ
ಏಲಕ್ಕಿ ಆಗತೈತ್ರಿ. ಮೆಣಸಿನಕಾಯಿಗೆ ಕಂದು ಹುಳ ಬೀಳತೈತಿ, ಸಿಗರೇಟ್ ಬೀಟಲ್ ಅಂತಾರ. ಅದು ಪುಸ್ತಕನೂ ತಿಂತೈತಿ. ತೂತು ಇರೋ ಕಾಯಿ, ತೊಟ್ಟಿನ ಬುಡದಾಗ ಹಿಟ್ಟಿನಂಗ ಪುಡಿ ಇರೋ ಕಾಯಿ ತರಬ್ಯಾಡ್ರಿ.

ಸಪ್ತಾಪುರ_ಓಣಿ
ಇಷ್ಟೆಲ್ಲಾ ಆತು, ನಿಲ್ಲಿಸೋದು ಏನರ ಮ್ಯಾಲ? ದೇಟು ಚುಚ್ಚಿ ನಿಲ್ಲಿಸೋ ಹಸರು ಫೋಮ್ ಹಾಕಬ್ಯಾಡ್ರಿ ದಯಮಾಡಿ. ಅದು ಪ್ಲಾಸ್ಟಿಕ್ಕ. ಮಣ್ಣಾಗ ಕೊಳಿಯಂಗಿಲ್ಲ, ಪುಡಿ ಪುಡಿ ಆಗಿ ಗಟಾರ, ಕೆರಿ ಸೇರತದ. ಬಾಳಿ ದಿಂಡು ಬಳಸ್ರಿ, ನೀರೂ ಹಿಡೀತದ, ಕಡ್ಡಿನೂ ಹಿಡೀತದ.

ಉಣಕಲ್_ಹೂಬುಟ್ಟಿ
ಬಾಳಿ ದಿಂಡು ಮಂಟಪಕ್ಕ ಸರಿ, ಒಂದು ದಿನದ ಕೆಲಸಕ್ಕ ಸರಿ. ಮೂರು ದಿನಕ್ಕ ಆಗಂಗಿಲ್ಲ. ಕತ್ತರಿಸಿದ ಮುಖ ಎರಡು ತಾಸಿನ್ಯಾಗ ಕಂದು ಆಗತೈತಿ, ಎರಡನೇ ದಿನ ಹುಳಿ ವಾಸನಿ, ಗುಂಗಾಡು. ಅದರ ಹಾಲು ಅರಿವಿಗೆ ಹತ್ತಿದ್ರ ಹೋಗಂಗಿಲ್ಲ. ರೇಷ್ಮಿ ಸೀರಿ ಇರೋ ಖೋಲ್ಯಾಗ ಬ್ಯಾಡವೇ ಬ್ಯಾಡ.

ಫೋಮ್ ಹಾಕೋದಾದ್ರ ಸರಿಯಾಗಿ ಹಾಕ್ರಿ. 23×11×8 ಸೆಂ.ಮೀ. ಇಟ್ಟಂಗಿ ಸುಮಾರು ಎರಡು ಲೀಟರ್ ನೀರು ಕುಡೀತೈತಿ, ತಾನಾಗೇ ಮುಳಗಬೇಕು. ಕೈಲೆ ಒತ್ತಿದ್ರ ಮ್ಯಾಲ ಹಸಿ, ನಡುವ ಒಣಾ ಉಳೀತೈತಿ, ಆ ಒಣಾ ಜಾಗಕ್ಕ ಚುಚ್ಚಿದ ಹೂವು ಸಂಜಿಗೆ ಬಾಡತೈತಿ. ಚುಚ್ಚಿದ ದೇಟು ಹೊರಗ ಎಳದು ಮತ್ತ ಚುಚ್ಚಬಾರದು, ತಳದಾಗ ಗಾಳಿ ಉಳೀತೈತಿ. ಒಮ್ಮೆ ಒಣಗಿದ ಫೋಮ್ ಮತ್ತ ನೀರು ಹೀರಂಗಿಲ್ಲ.

ಕುಂಚಕೋಲು
ಇಬ್ಬರದೂ ಬ್ಯಾಡ. ಮುಳ್ಳುಹಲಗಿ ತಗೋರಿ, ಜಪಾನಿಗಳ ಇಕೆಬಾನದ ಕೆಂಜಾನ್. ಹಿತ್ತಾಳಿ ಮುಳ್ಳು, ತಳಕ್ಕ ಸೀಸದ ಭಾರ, ಜೀವನಪರ್ಯಂತ ಬರತದ. ಲಕ್ಕುಂಡಿ ಬಾಗಿಲಿಗೆ 40 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ತಾಟು, ಎರಡು ಕೆಂಜಾನ್. ಅಳತಿ ಹಿಂಗ: ಅಗಲ, ಎತ್ತರ ಕೂಡಿಸಿದ್ರ 48, ಅದರ ಒಂದೂವರಿ ಪಟ್ಟು 72 ಸೆಂ.ಮೀ. ಮೊದಲನೇ ದೇಟು. ಎರಡನೇದು ಅದರ ಮುಕ್ಕಾಲು, 54. ಮೂರನೇದು ಅದರ ಮುಕ್ಕಾಲು, ಸುಮಾರು 40. ಇಕೆಬಾನದ ನೇರ ಶೈಲ್ಯಾಗ ಇವನ್ನ ಲಂಬದಿಂದ 15, 45, 75 ಡಿಗ್ರಿ ಬಗ್ಗಿಸ್ತಾರ. ಬಾಗಿಲಿಗೆ ಬಗ್ಗಿಸಬ್ಯಾಡ್ರಿ, ಉದ್ದದ ಪ್ರಮಾಣ ಮಾತ್ರ ತಗೊಂಡು ಎಲ್ಲಾನೂ ನೇರ ನಿಲ್ಲಿಸ್ರಿ.

ಅಡಕಿ ಹಿಂಗಾರ ಭಾರ ಇರತದ, ಕೆಂಜಾನ್ ಮಗಚತದ. ಅದರ ಹಿಂದಿನ ಅಂಚಿನ ಮ್ಯಾಲ ಇನ್ನೊಂದು ಕೆಂಜಾನ್ ಬೋರಲ ಹಾಕ್ರಿ, ಮುಳ್ಳಿಗೆ ಮುಳ್ಳು ಕಚ್ಚಿ ಕೂಡತದ.

ಗಡಿಗಿಗೆ ಕೆಂಜಾನ್ ಬ್ಯಾಡ, ಕೋಳಿ ಜಾಳಗಿ ತಂತಿ ಉಂಡಿ ಮಾಡಿ ಒಳಗ ತುಂಬ್ರಿ, ಮೂರು ಪದರಾಗಬೇಕು.

ಸಪ್ತಾಪುರ_ಓಣಿ
ಸರಿ, ಕೆಂಜಾನ್‌ಗೆ ನಾನೂ ಒಪ್ಪಿದೆ. ಹೊಸಾ ಗಡಿಗಿ ನೀರು ಜಿನಗತದ ಮತ್ತ, ಪೀಠಕ್ಕ ಕಲಿ ಬೀಳತದ. ಒಳಗ ಸ್ಟೀಲ್ ಡಬ್ಬಿ ಇಟ್ಟು ಡಬ್ಬ್ಯಾಗ ನೀರು ಹಾಕ್ರಿ.

ಉಣಕಲ್_ಹೂಬುಟ್ಟಿ
ಹೂವು ಹದ ಮಾಡೋದು ಬರೀತೀನಿ, ಯಾಕಂದ್ರ ಮುಕ್ಕಾಲು ಪಾಲು ಕೆಡೋದು ಇಲ್ಲೇ.

ತಂದ ಕೂಡಲೇ ಜೋಡಿಸಬ್ಯಾಡ್ರಿ. ದೇಟಿನ ತುದಿ ಎರಡು ಮೂರು ಸೆಂ.ಮೀ. ನೀರಿನ ಒಳಗ ಹಿಡದು ಓರೆ ಕತ್ತರಿಸ್ರಿ, ಹರಿತ ಚಾಕು ಬೇಕು, ಮೊಂಡ ಕತ್ತರಿ ನಾಳ ಜಜ್ಜತೈತಿ. ಹೊರಗ ಕತ್ತರಿಸಿದ್ರ ನಾಳಕ್ಕ ಗಾಳಿ ಹೊಕ್ಕು ನೀರು ಮ್ಯಾಲ ಏರಂಗಿಲ್ಲ, ಗುಲಾಬಿ ಕುತಿಗಿ ಮುರಿದಂಗ ಜೋಲೋದು ಅದಕ್ಕ. ಇಡೀ ರಾತ್ರಿ ತಂಪು, ಕತ್ತಲಿ ಖೋಲ್ಯಾಗ ಬಕೀಟಿನ್ಯಾಗ ನಿಲ್ಲಿಸ್ರಿ. ಜರ್ಬೆರಾಕ್ಕ ಮಾತ್ರ ಐದಾರು ಸೆಂ.ಮೀ. ನೀರು ಸಾಕು, ಅದರ ಮೆತ್ತನ್ನ ದೇಟು ಆಳ ನೀರಿನ್ಯಾಗ ಕೊಳೀತೈತಿ. ಗ್ಲಾಡಿಯೋಲಸ್ ಅಡ್ಡ ಮಲಗಿಸಿ ಒಯ್ದ್ರ ತುದಿ ಮ್ಯಾಲಕ್ಕ ಸೊಟ್ಟ ಆಗತೈತಿ, ನಿಂದ್ರಿಸಿ ತರ್ರಿ. ಅದೇ ಖೋಲ್ಯಾಗ ಬಾಳಿಹಣ್ಣು, ಮಾವಿನ ಹಣ್ಣು ಇಡಬ್ಯಾಡ್ರಿ. ಹಣ್ಣಿನಿಂದ ಎಥಿಲೀನ್ ಅನ್ನೋ ಗಾಳಿ ಬರತೈತಿ, ಕಾರ್ನೇಷನ್ ಎಸಳು ಮುದುಡಿ ಮಲಗತಾವ.

ನೀರಿಗೆ: ಒಂದು ಲೀಟರಿಗೆ ಒಂದು ಚಮಚ ಸಕ್ಕರಿ, ಎರಡು ಚಮಚ ನಿಂಬಿರಸ, ನಾಲ್ಕೈದು ಹನಿ ಬ್ಲೀಚ್. ನಿಂಬಿರಸ, ಬ್ಲೀಚ್ ನೇರ ಕೂಡಿಸಬ್ಯಾಡ್ರಿ, ವಿಷದ ಗಾಳಿ ಬರತೈತಿ. ಮೊದಲ ಪೂರ್ತಿ ನೀರಿಗೆ ನಿಂಬಿರಸ, ಆಮ್ಯಾಲ ಹನಿ. ಬ್ಲೀಚ್ ಬಿಟ್ಟು ಬರೇ ಸಕ್ಕರಿ ಹಾಕಿದ್ರ ನೀರು ಕೊಳಿಯೋದು ಇನ್ನೂ ಜಲ್ದಿ.

ಮುಂಡರಗಿ_ಮಣ್ಣು
ನೀರು ಯಾವುದು ಅನ್ನೋದೂ ಮುಖ್ಯ ಐತ್ರಿ. ನಮ್ಮ ಕಡೆ ಬೋರಿನ ನೀರಾಗ ಫ್ಲೋರೈಡ್ ಜಾಸ್ತಿ. ಗ್ಲಾಡಿಯೋಲಸ್, ಜರ್ಬೆರಾ ಎರಡಕ್ಕೂ ಅದು ಆಗಂಗಿಲ್ಲ, ಎಸಳಿನ ಅಂಚು ಸುಡತೈತಿ, ಮ್ಯಾಲಿನ ಮೊಗ್ಗು ಬಿಚ್ಚಂಗಿಲ್ಲ. ಹೂವು ಹಳೇವು ಕೊಟ್ಟಾರಂತ ಅಂಗಡಿಯವ್ರ ಮ್ಯಾಲ ಸಿಟ್ಟಾಗ್ತಾರ, ತಪ್ಪು ನೀರಿಂದು. ಧಾರವಾಡದಾಗ ಮಲಪ್ರಭಾ ನೀರು ತುಂಬಿಟ್ಟುಕೊಳ್ರಿ, ಬೋರ್ ನೀರು ಬ್ಯಾಡ.

ಶಿಗ್ಗಾವಿ_ಗಾಳಿ
ಮಾರ್ಚಿನ್ಯಾಗ ಮುತ್ತಗ ಹೂವಾಡತೈತಿ. ಎಲಿ ಇಲ್ಲದ ಟೊಂಗಿ, ಕರಿ ಮೊಗ್ಗು, ಕೆಂಪು ಕೇಸರಿ ಹೂವು. ಚಂದ್ರಕಾಳಿಗೆ ಅದಕ್ಕಿಂತ ಬ್ಯಾರೆ ಬೇಕಾ?

ಗವಂತಿ_ಎಳಿ
ಚಂದ ಏನೋ ಹೌದು, ಆದ್ರ ಅರಳಿದ ಮುತ್ತಗ ಟೊಂಗಿ ಅಲುಗಿದ್ರ ಸಾಕು ಉದುರತದ. ಮಕರಂದ ಸುರೀತದ, ಇರಿವಿ ಹಿಂದ ಬರತಾವ. ಮೊಗ್ಗಿದ್ದ ಟೊಂಗಿ ಒಂದ ಒಂದು ತರ್ರಿ, ಅರಳಿದ್ದೆಲ್ಲಾ ಹೊರಗ ಕಿತ್ತು ಬಿಡ್ರಿ. ಆ ಕರಿ ಮೊಗ್ಗಿನ ಸಾಲು ಕರಿ ಗಡಿಗಿ ಮ್ಯಾಲ ಹೊಲಿಗಿ ಹಾಕಿದಂಗ ಕಾಣತದ.

ಹಾವೇರಿ_ಏಲಕ್ಕಿ
ನಡುವೆ ಒಂದು ಪ್ರಶ್ನೆ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ಪುಷ್ಪವಿನ್ಯಾಸವೋ, ಹೂಜೋಡಣೆಯೋ? ಫಲಕದ ಮೇಲೆ ಬರೆಯಬೇಕಲ್ಲ.

ಲಕ್ಕುಂಡಿ_ಬಾವಿ
ಹೂಜೋಡಣಿ. ಪುಷ್ಪವಿನ್ಯಾಸ ಅಂದ್ರ ಆಮಂತ್ರಣ ಪತ್ರಿಕಿ ಓದಿದಂಗ ಆಗತೈತಿ.

ಸಂಗ್ರಹ_ಕೋಣೆ
ಹೂಜೋಡಣೆ ಸರಿ. ಫಲಕದಲ್ಲಿ ಕಲಾಕೃತಿಯಿಂದ ಏನನ್ನು ತೆಗೆದುಕೊಂಡಿರಿ ಎಂದು ಒಂದೇ ಸಾಲು ಬರೆಯಿರಿ. "ಗವಂತಿಯ ಎರಡು ಮುಖ" ಎಂದಿದ್ದರೆ ನೋಡುವವರು ತಾವೇ ಪೀಠದ ಸುತ್ತ ತಿರುಗುತ್ತಾರೆ.

ಕೆಲಗೇರಿ_ಕಮಲ
ಎಲ್ಲಾರಿಗೂ ಶರಣ್ರಿ. ಕೇಳಿಕೊಂಡು ಬಂದೆ: ಸೀರಿ ಚೌಕಟ್ಟಿಗೆ ಹಿಂದ ಹಲಗಿ ಅದ, ಆದ್ರ ಒಂದು ಮೂಲಿ ಬಿಟ್ಟದ. ಹಂಗಾಗಿ ಸೀರಿಯ ಜೋಡಣಿ ಆ ಖೋಲಿ ಬಿಟ್ಟು ಹೊರಗಿನ ಪಡಸಾಲ್ಯಾಗ, ಬಾಗಿಲಕ್ಕ ನೇರ ಇಡ್ತೀವಿ. ಅಲ್ಲಿ ನಿಂತ್ರ ಸೀರಿ ಹಿಂದ ಕಾಣತದ. ಕರಿ ಗಡಿಗಿ, ಮುರ್ಗಿ ಮೆಟ್ಟಲಿಗೆ 11 ಸುಗಂಧರಾಜ, ಒಂದು ಮುತ್ತಗ ಟೊಂಗಿ. ಲಕ್ಕುಂಡಿಗೆ ಎರಡು ಕೆಂಜಾನ್, ಹಿಂಗಾರ, ತುಳಸಿ ಕದರು, ಏಲಕ್ಕಿ ಸಾಲು, ಜೋಳ ಇವತ್ತ ಫ್ರೀಜರಿಗೆ ಹೋತು. ಸೂರ್ಯಕಾಂತಿ ಆರು ಅಂಗಡೀವು, ನಾಲ್ಕು ಹೊಲದ್ದು. ಒಂದ ಪ್ರಶ್ನೆ ಉಳಿದದ, ಸುಗಂಧರಾಜ ಮೂರು ದಿನ ತಡೀತದೇನ್ರಿ?

ಉಣಕಲ್_ಹೂಬುಟ್ಟಿ
ತಡೀತೈತಿ ತಂಗಿ, ಕೆಳಗಿನ ಎರಡ ಹೂವು ಅರಳಿದ್ದ ದೇಟು ತಂದ್ರ. ಅದು ಬುಡದಿಂದ ತುದಿಗೆ ಅರಳತೈತಿ. ದಿನಾ ಮುಂಜಾನೆ ಬಾಗಿಲ ತಗಿಯೋ ಮೊದಲ ಕೆಳಗಿನ ಕಂದಿದ ಹೂವು ಚಿವುಟಿ, ಡಬ್ಬಿ ಹೊರಗ ತಂದು ನೀರು ಬದಲಿಸ್ರಿ. ಮತ್ತ 11 ಅಲ್ಲ, 14 ತರ್ರಿ. ದಾರ್ಯಾಗ ಮೂರು ಮುರೀತಾವ.

ಗವಂತಿ_ಎಳಿ
ಆ ಬಿಟ್ಟ ಮೂಲಿ ಹೂವು ಬರೋಕ್ಕಿಂತ ಮೊದಲ ಮುಚ್ಚಿಸ್ರಿ ಅಕ್ಕಾರ. ಸೀರಿ ಭಾಳ ಹಳೇದು.